ಹಸೆಮಣೆಯ ಮೇಲೆ ಬೇಟೆಮಾಂಸ

ಗ್ರೇಜಿಂಗ್ ಬೋರ್ಡ್ ಎಂಬ ಮಾತನ್ನು ಮೊದಲ ಸಲ ಕೇಳಿದಾಗ ನನಗೆ ನಗು ಬಂದಿತ್ತು. ಗ್ರೇಜಿಂಗ್ ಅಂದರೆ ಮೇಯುವುದು. ದೊಡ್ಡ ಹಲಗೆಯ ಮೇಲೆ ಮಾಂಸ, ಚೀಸ್, ಹಣ್ಣು, ಬಾದಾಮಿ ಎಲ್ಲ ಹರಡಿ, ಬಂದವರನ್ನು ದನಗಳ ಹಾಗೆ ಸುತ್ತ ಮೇಯಲು ಬಿಡುವುದು. ಕೂರಿಸಿ ಬಡಿಸಿ ರೂಢಿಯಾದ ನನಗೆ ಇದು ಸೋಮಾರಿಗಳ ಊಟ ಎನಿಸಿತ್ತು. ಆದರೆ ಅಮೆರಿಕದ ಸಮಾಮಿಶ್‌ನಲ್ಲಿ ಮನೆ ಕೊಂಡು, ಹಿಂದೆ ಮರದ ಜಗಲಿಯಂಥ ಡೆಕ್ಕು, ಡೆಕ್ಕಿನ ಮೇಲೆ ಮಾಂಸ ಸುಡುವ ಗ್ರಿಲ್ಲು ಬಂದ ಮೇಲೆ ನಾನೂ ಮೇಯಿಸುವವಳಾದೆ. ಬೇಸಿಗೆಯಲ್ಲಿ ಊಟದ ಹೊತ್ತು ಕಳೆದರೂ ಬಿಸಿಲಿರುವ ಈ ಊರಿನಲ್ಲಿ ಮನೆಯೊಳಗೆ ಕೂತು ಉಣ್ಣಲು ಯಾರೂ ಒಪ್ಪುವುದಿಲ್ಲ.

ಹಾಗೆ ಒಂದು ಜುಲೈ ಶನಿವಾರ ಎಲ್ಲರನ್ನೂ ಕರೆದಿದ್ದೆ; ಅದಕ್ಕೆ ನನ್ನ ಗಂಡನ ಆಫೀಸಿನ ಅಮೆರಿಕನ್ ಗೆಳೆಯ ಎಲ್ಕ್ ಮಾಂಸ ಕೊಟ್ಟಿದ್ದ. ಎಲ್ಕ್ ಅಂದರೆ ನಮ್ಮ ಕಡವೆಗೆ ದೊಡ್ಡಣ್ಣ. ಹಿಂದಿನ ವರ್ಷ ಚಳಿ ಶುರುವಾಗುವ ಹೊತ್ತಿಗೆ ಬೆಟ್ಟದಾಚೆ ಹೋಗಿ ತಾನೇ ಹೊಡೆದದ್ದು, ಫ್ರೀಜರಿನಲ್ಲಿ ಇಟ್ಟಿದ್ದೆ ಎಂದ. ಮೊದಲ ಗುಂಡು ಹೊಟ್ಟೆಗೆ ಬಿತ್ತಂತೆ. ರಕ್ತದ ಜಾಡು ಹಿಡಿದು ಮಧ್ಯಾಹ್ನವೆಲ್ಲ ನಡೆದು, ಕೊನೆಗೆ ಪೊದೆಯಲ್ಲಿ ಏದುಸಿರು ಬಿಡುತ್ತಿದ್ದ ಪ್ರಾಣಿಯ ಕುತ್ತಿಗೆ ಕೊಯ್ದನಂತೆ. ನನ್ನ ಗಂಡನ ಮುಖ ಬಿಳುಚಿಕೊಂಡಿತು. ನಾನು ಮಾತ್ರ, ಚಾಕು ಎಷ್ಟು ಉದ್ದದ್ದು ಎಂದು ಕೇಳಿದೆ.

ಏಕೆಂದರೆ ನಾನು ಕಡಿಯುವ ಮನೆಯವಳು. ಯುಗಾದಿಯ ಮಾರನೆಯ ದಿನ, ಹೊಸತೊಡಕಿಗೆ, ಮೈಸೂರಿನ ನಮ್ಮ ಮನೆಯ ಹಿತ್ತಲಲ್ಲಿ ಅಪ್ಪ ತಾವೇ ಮರಿ ಕಡಿಯುತ್ತಿದ್ದರು. ಒಂದೇ ಏಟು. ತಲೆ ಬೇರೆಯಾದ ಮೇಲೂ ಕಾಲು ಒದ್ದಾಡುತ್ತವೆ. ಆ ಕಾಲು ಹಿಡಿಯುವ ಕೆಲಸ ನನ್ನದು. ಬಿಸಿ ರಕ್ತ ಮೊಣಕೈವರೆಗೂ ಚಿಮ್ಮುತ್ತಿತ್ತು. ನನ್ನ ತಂಗಿ ಒಳಕೋಣೆಯಲ್ಲಿ ಕಿವಿ ಮುಚ್ಚಿಕೊಂಡು ಕೂತಿರುತ್ತಿದ್ದಳು. ಆಮೇಲೆ ಹುಣಸೆಮರದ ಕೊರಡಿನ ಮೇಲೆ ಮಾಂಸ ತುಂಡು ಮಾಡುವ ಸದ್ದು ಬೀದಿಗೆಲ್ಲ ಕೇಳುತ್ತಿತ್ತು. ಅಮ್ಮನದೊಂದು ಕಟ್ಟಪ್ಪಣೆ ಇತ್ತು: "ಮಣೆ ಮೇಲೆ ಮನುಷ್ಯರು, ಕೊರಡಿನ ಮೇಲೆ ಕುರಿ." ಕೂರುವ ಮಣೆಗೆ ಒಂದು ಚೂರು ಮಾಂಸ ತಾಕಿದರೂ ಅರಿಸಿನದ ನೀರಲ್ಲಿ ತೊಳೆದು, ತಾಕಿಸಿದವರ ಜನ್ಮ ಜಾಲಾಡುತ್ತಿದ್ದಳು.

ಆ ತಂಗಿಯೂ ಈಗ ಇಲ್ಲೇ, ಲಿನ್‌ವುಡ್‌ನ ಅಪಾರ್ಟ್‌ಮೆಂಟಿನಲ್ಲಿದ್ದಳು. ಅವಳ ಗಂಡ ಅವಳನ್ನು ಹೊಡೆಯುತ್ತಿದ್ದ. ಇದನ್ನು ನಯವಾಗಿ ಹೇಳುವ ದಾರಿ ನನಗೆ ಗೊತ್ತಿಲ್ಲ, ಗೊತ್ತಿದ್ದರೂ ಹೇಳುವುದಿಲ್ಲ. ಹುಬ್ಬು ಒಡೆದಾಗ ಕಪಾಟಿನ ಬಾಗಿಲು ತಗಲಿತು ಎಂದಳು. ತುಟಿ ಊದಿದಾಗ ಅಲರ್ಜಿ ಎಂದಳು. ಅವಳ ವೀಸಾ ಅವನ ಕೆಲಸಕ್ಕೆ ಗಂಟು ಹಾಕಿಕೊಂಡಿತ್ತು. ಅಮ್ಮ ಫೋನಿನಲ್ಲಿ, "ಹಸೆಮಣೆ ಏರಿದ ಮೇಲೆ ಸ್ವಲ್ಪ ಸಹಿಸ್ಕೋಬೇಕು ಕಣೇ" ಎನ್ನುತ್ತಿದ್ದಳು. ಆ ಶನಿವಾರ ಸಂಜೆ ತಂಗಿಯನ್ನು ಅವನ ಕಾರಿಗೆ ಹತ್ತಲು ಬಿಡಬಾರದು ಎಂದು ನಾನು ಗಂಡನಿಗೆ ಹೇಳಿಟ್ಟಿದ್ದೆ. ಆದರೆ ಬರಲ್ಲ ಎನ್ನಬೇಕಾದವಳು ಅವಳು. ನಾನು ಎಷ್ಟು ಸಲ ಕರೆದರೂ ಅವಳು ಅದೊಂದು ಮಾತನ್ನು ಆಡಿರಲಿಲ್ಲ.

ನನ್ನ ದೊಡ್ಡ ಹಲಗೆ ಚಳಿಗಾಲದಲ್ಲಿ ಬಿರುಕು ಬಿಟ್ಟಿತ್ತು. ಯಾವುದಾದರೂ ಅಗಲವಾದ ಹಲಗೆ ಇದ್ದರೆ ತಾ ಎಂದು ತಂಗಿಗೆ ಫೋನು ಮಾಡಿದ್ದೆ. ಎಲ್ಲರಿಗಿಂತ ಮೊದಲೇ ಬಂದಳು, ಬೆಡ್‌ಶೀಟಿನಲ್ಲಿ ಏನೋ ಸುತ್ತಿಕೊಂಡು. ಆ ಉರಿಬಿಸಿಲಿನಲ್ಲಿ ತುಂಬುತೋಳಿನ ಕುರ್ತಾ. ಜೊತೆಗೆ ಬಂದ ಅವಳ ಗಂಡ ಡೆಕ್ಕಿಗೆ ಹೋಗಿ ಬಿಯರ್ ತೆರೆದ. ಅವಳು ಅಡುಗೆಮನೆಯ ಕಟ್ಟೆಯ ಮೇಲೆ ಬೆಡ್‌ಶೀಟು ಬಿಚ್ಚಿದಳು.

ಒಳಗಿದ್ದದ್ದು ಹಸೆಮಣೆ. ಅವಳ ಮದುವೆಗೆ ಅಪ್ಪ ಮಾಡಿಸಿದ್ದು. ಗಂಡು ಹೆಣ್ಣು ಇಬ್ಬರೂ ಕೂರುವಷ್ಟು ಅಗಲವಾದ ಹಲಸಿನ ಹಲಗೆ, ನಾಲ್ಕು ಮೂಲೆಗೂ ಹಿತ್ತಾಳೆ ಪಟ್ಟಿ. ಕಂಬಳಿ ಸುತ್ತಿ, ಹಗ್ಗ ಬಿಗಿದು, ಅವಳ ಜೊತೆ ವಿಮಾನ ಹತ್ತಿಸಿದ್ದರು.

"ತಲೆ ಕೆಟ್ಟಿದೆಯೇನೇ ನಿಂಗೆ? ಇದರ ಮೇಲೆ ಮಾಂಸ ಇಡ್ತಾರಾ?" ಎಂದು ಕಿರುಚಿದೆ.

"ತೊಳೆದು ತಂದಿದೀನಿ. ಇದರ ಮೇಲೇ ಇಡು, ಅಕ್ಕ."

"ಅಮ್ಮ ನೋಡಿದ್ರೆ ಎದೆ ಒಡ್ಕೊಂಡು ಸಾಯ್ತಾಳೆ."

ನಾನು ಮಣೆಯನ್ನು ಎಳೆದೆ. ಅವಳು ಬಿಡಲಿಲ್ಲ. ಎಳೆದಾಟದಲ್ಲಿ ಅವಳ ಕುರ್ತಾದ ತೋಳು ಮೇಲೆ ಸರಿಯಿತು. ಮೊಣಕೈ ಮೇಲೆ ಬೆರಳಿನ ಗುರುತುಗಳು, ಕೆಲವು ಕಪ್ಪಗೆ, ಕೆಲವು ಹಳದಿ ತಿರುಗಿ. ಬೇರೆ ಬೇರೆ ದಿನದವು. ನಾನು ಕೈ ಬಿಟ್ಟೆ.

"ಮಣೆ ಮೇಲೆ ಮನುಷ್ಯರು, ಕೊರಡಿನ ಮೇಲೆ ಕುರಿ ಅಂತಿದ್ಲಲ್ಲ ಅಮ್ಮ" ಎಂದಳು ತಂಗಿ. "ಇದರ ಮೇಲೆ ನಾನು ಕೂತಿದ್ದು ಮನುಷ್ಯಳ ಥರ ಅಲ್ಲ ಅಕ್ಕ. ಇದು ಯಾವತ್ತೋ ಕೊರಡಾಗಿದೆ. ನೀನು ಮಾಂಸ ತಾ."

ನಾನು ಮಾಂಸ ತೆಗೆದೆ. ಇಲ್ಲದಿದ್ದರೆ ನೇರ ಡೆಕ್ಕಿಗೆ ಹೋಗಿ ಅವನ ಕತ್ತಿಗೇ ಕೈ ಹಾಕುತ್ತಿದ್ದೆ. ಆ ಸಿಟ್ಟನ್ನೆಲ್ಲ ಎಲ್ಕಿನ ಮೇಲೆ ತೀರಿಸಿಕೊಂಡೆ. ಬೆನ್ನೆಲುಬಿನ ಪಕ್ಕದ ಉದ್ದನೆಯ ಮಾಂಸ, ಬೀಟ್‌ರೂಟಿನಷ್ಟು ಕೆಂಪು. ಮೇಲಿನ ಬಿಳಿ ಪೊರೆಯ ಕೆಳಗೆ ಚಾಕು ತೂರಿಸಿ ಪರಪರ ಹರಿದು ತೆಗೆದೆ. ಮೆಣಸು, ಬೆಳ್ಳುಳ್ಳಿ, ಉಪ್ಪು ಜಜ್ಜಿ ಉಜ್ಜಿದೆ. ಬೇಟೆಮಾಂಸದಲ್ಲಿ ಕೊಬ್ಬಿಲ್ಲ, ಕಾದ ಗ್ರಿಲ್ಲಿನ ಮೇಲೆ ಹೊರಗೆ ಕರಕಲು, ಒಳಗೆ ರಕ್ತ ಇರುವಾಗಲೇ ಎತ್ತಬೇಕು, ತಡವಾದರೆ ಚಪ್ಪಲಿಯಾಗುತ್ತದೆ. ಎತ್ತಿ, ಸ್ವಲ್ಪ ಹೊತ್ತು ಬಿಟ್ಟು, ಎಳೆಗೆ ಅಡ್ಡಲಾಗಿ ತೆಳ್ಳಗೆ ಕೊಯ್ದೆ. ತಂಗಿ ಒಂದೊಂದೇ ಹೋಳನ್ನು ಮಣೆಯ ನಡುವೆ ಜೋಡಿಸಿದಳು. ಸುತ್ತ ಚೆರಿ ಹಣ್ಣು, ಚೀಸ್, ಉಪ್ಪಿನಕಾಯಿ, ನಿಪ್ಪಟ್ಟು. ಕೆಂಪು ರಸ ಹರಿದು ಹಿತ್ತಾಳೆ ಪಟ್ಟಿಯ ತನಕ ಹೋಗಿ ನಿಂತಿತು.

ಇಬ್ಬರೂ ಒಂದೊಂದು ಕಡೆ ಹಿಡಿದು ಡೆಕ್ಕಿನ ಮೇಜಿಗೆ ತಂದೆವು. ಆಗಲೇ ಎಲ್ಲರೂ ಬಂದಿದ್ದರು. ಎಲ್ಕ್ ಹೊಡೆದವನು ಮಾಂಸ ಬಿಟ್ಟು ಮರವನ್ನೇ ಹೊಗಳಿದ. ಎಜುಕೇಶನ್ ಹಿಲ್ ಬಡಾವಣೆಯಿಂದ ಬಂದಿದ್ದ ನನ್ನ ಗೆಳತಿ ಸಸ್ಯಾಹಾರಿ. ಅವಳಿಗೆ ಬೇರೆ ಹಲಗೆ, ಬೇರೆ ಇಕ್ಕಳ, ಇಲ್ಲದಿದ್ದರೆ ನೀರೂ ಮುಟ್ಟುವುದಿಲ್ಲ. ಅವಳು ದೂರದಿಂದಲೇ ಹಿತ್ತಾಳೆ ನೋಡಿ ಬಾಯಿಗೆ ಕೈ ಇಟ್ಟುಕೊಂಡಳು.

"ಅಯ್ಯೋ ರಾಮ, ಇದು ಹಸೆಮಣೆ ಅಲ್ವೇನ್ರೀ?"

ತಂಗಿಯ ಗಂಡ ತಿರುಗಿ ನೋಡಿದ. ಬಿಯರ್ ಬಾಟಲಿ ಕೆಳಗಿಟ್ಟು ಬಂದ. ನಗುತ್ತಲೇ ಬಂದ, ಕನ್ನಡ ಬಾರದವರ ಮುಂದೆ ಹಲ್ಲು ಬಿಟ್ಟುಕೊಂಡು ಬಯ್ಯುವುದು ಅವನಿಗೆ ಅಭ್ಯಾಸ.

"ಏನೇ ಇದು, ದರಿದ್ರ ಮುಂಡೆ? ನಾನು ಕೂತ ಮಣೆ ಮೇಲೆ ಹೆಣ ಇಟ್ಟಿದೀಯಾ? ಮನೆಗೆ ನಡಿ. ಇವತ್ತು ಐತೆ ನಿಂಗೆ."

ತಂಗಿ ಮಣೆಯ ಮೇಲಿಂದ ಒಂದು ಹೋಳು ತೆಗೆದುಕೊಂಡಳು. ಹೊಸತೊಡಕಿನ ದಿನ ಅನ್ನ ತಿಳಿಸಾರು ಉಂಡು ಏಳುತ್ತಿದ್ದವಳು, ಅವನ ಕಣ್ಣಲ್ಲೇ ಕಣ್ಣಿಟ್ಟು ಅದನ್ನು ಬಾಯಿಗೆ ಹಾಕಿಕೊಂಡು ಅಗಿದಳು.

ಅವನು ಹೊಡೆದ. ಅಂಗೈಯಲ್ಲಲ್ಲ, ಮುಷ್ಟಿಯಲ್ಲಿ. ಅವಳ ತಲೆ ಕಂಬಕ್ಕೆ ಬಡಿಯಿತು. ಬಾಯಿಂದ ಇಳಿದ ಕೆಂಪಿನಲ್ಲಿ ಎಲ್ಕಿನದೆಷ್ಟು ಅವಳದೆಷ್ಟು ಎಂದು ತಿಳಿಯುವಂತಿರಲಿಲ್ಲ. ಅವನು ಎರಡನೇ ಸಲ ಕೈ ಎತ್ತಿದ. ಉಳಿದ ಒಂದು ತುಂಡನ್ನು ಇಳಿಸಲು ಗ್ರಿಲ್ಲಿನ ಹತ್ತಿರ ಹೋಗಿದ್ದ ನನ್ನ ಕೈಯಲ್ಲಿ ಇಕ್ಕಳವಿತ್ತು, ಕೆಂಡದ ಮೇಲಿಂದ ಆಗಷ್ಟೇ ಎತ್ತಿದ್ದು. ಅದನ್ನೇ ಅವನ ಮಣಿಕಟ್ಟಿನ ಮೇಲೆ ಬೀಸಿದೆ. ಚುರ್ ಎಂದಿತು. ಅವನು ಹಂದಿಯ ಹಾಗೆ ಅರಚಿ, ಮೇಜನ್ನು ಒದ್ದ. ಮಣೆ ಮಗುಚಿತು. ಚೆರಿ ಹಣ್ಣುಗಳು ಡೆಕ್ಕಿನ ಸಂದಿಗಳಲ್ಲಿ ಉರುಳಿದವು. ನಾನು ಇನ್ನೊಂದು ಏಟು ಹಾಕಿದೆ, ಹೆಗಲಿಗೆ. ಮೂರನೆಯದನ್ನೂ ಹಾಕುತ್ತಿದ್ದೆ; ಅಷ್ಟರಲ್ಲಿ ನನ್ನ ಗಂಡ, ಆ ಬೇಟೆಗಾರ ಇಬ್ಬರೂ ಸೇರಿ ಅವನನ್ನು ನೆಲಕ್ಕೆ ಕೆಡವಿ ಕೂತರು. ಇವತ್ತಿಗೂ ನನಗೆ ಅದರ ಬಗ್ಗೆ ಪಶ್ಚಾತ್ತಾಪವಿಲ್ಲ. ಮೂರನೆಯದು ಬಾಕಿ ಉಳಿಯಿತಲ್ಲ ಎಂಬ ಬೇಸರವಿದೆ.

"ಪೊಲೀಸ್‌ಗೆ ಕಾಲ್ ಮಾಡ್ತೀನಿ! ಅತ್ತಿಗೆ ಅಂತಾನೂ ನೋಡಲ್ಲ, ಒಳಗೆ ಹಾಕಿಸ್ತೀನಿ!"

"ಮಾಡಪ್ಪಾ, ಮಾಡು. ನನ್ನ ಇಕ್ಕಳನೂ ತೋರಿಸ್ತೀನಿ, ಅವಳ ತೋಳೂ ತೋರಿಸ್ತೀನಿ."

ಅವನು ಫೋನು ತೆಗೆಯಲಿಲ್ಲ. ಇಬ್ಬರೂ ಕೈ ಬಿಟ್ಟ ಮೇಲೆ ಎದ್ದು, ಮಣಿಕಟ್ಟು ಹಿಡಿದುಕೊಂಡು, ಕಾರಿನ ಕೀ ಹುಡುಕಿ, ಬಾಗಿಲಲ್ಲಿ ನಿಂತು ತಂಗಿಯನ್ನು ಕರೆದ. "ಬರ್ತೀಯೋ ಇಲ್ವೋ?" ಹಿಂದೆಲ್ಲ ಅವಳು ಇಂಥ ಕರೆಗೆ ಎದ್ದು ಹೋದವಳೇ.

ಅವಳು ಬಗ್ಗಿ ಮಣೆಯನ್ನು ಎತ್ತಿದಳು. ಮೇಜಿನ ಮೇಲಿಟ್ಟಳು. ಗ್ರಿಲ್ಲಿನ ಪಕ್ಕದಲ್ಲಿ ಇನ್ನೂ ಕೊಯ್ಯದೆ ಉಳಿದಿದ್ದ ಒಂದು ತುಂಡು ಮಾಂಸವನ್ನು ಅದರ ಮೇಲೆ ಹಾಕಿ, ನನ್ನ ದೊಡ್ಡ ಚಾಕು ತೆಗೆದುಕೊಂಡು ಕಡಿದಳು. ಕೊಯ್ಯಲಿಲ್ಲ, ಕಡಿದಳು. ಚಾಕು ಮಾಂಸ ದಾಟಿ ಹಲಸಿನ ಮರಕ್ಕೆ ಕಚ್ಚಿ ನಿಂತಿತು.

"ಬರಲ್ಲ" ಎಂದಳು.

ಅವನ ಕಾರು ಹೋದ ಮೇಲೆ ನನ್ನ ಗೆಳತಿ, ಮಾಂಸ ಕಂಡರೆ ಮೂಗು ಮುಚ್ಚುವವಳು, ತಂಗಿಯ ಬಾಯಿ ಒರೆಸಿ ಐಸ್ ಇಟ್ಟಳು. ತಂಗಿ ನಮ್ಮ ಮಹಡಿಯ ಕೋಣೆಯಲ್ಲಿ ಉಳಿದಳು. ಆಮೇಲಿನದು ವಕೀಲರು, ವೀಸಾ, ಓದು, ಕೆಲಸ. ಅವಳ ಬಾಯಲ್ಲಿ ಕೇಳಬೇಕಾದದ್ದು. ಕೊನೆಗೆ ತನ್ನದೇ ಒಂದು ಪುಟ್ಟ ಅಪಾರ್ಟ್‌ಮೆಂಟು ಹಿಡಿದಳು, ಮಣೆಯನ್ನೂ ಒಯ್ದಳು.

ಮುಂದೊಂದು ಬೇಸಿಗೆಗೆ ಅಮ್ಮ ಬಂದಳು. ತಂಗಿಯ ಅಡುಗೆಮನೆಗೆ ಕಾಲಿಟ್ಟವಳೇ ಕಟ್ಟೆಯ ಮೇಲಿದ್ದ ಹಸೆಮಣೆ ನೋಡಿದಳು. ಉದ್ದಕ್ಕೂ ಕಚ್ಚುಗಳು, ಮೂಲೆಯಲ್ಲಿ ಬೆಳ್ಳುಳ್ಳಿ ಸಿಪ್ಪೆ, ಪಕ್ಕದಲ್ಲಿ ತೊಳೆದಿಟ್ಟ ಕುರಿಮಾಂಸ. ಈಗ ಜನ್ಮ ಜಾಲಾಡುತ್ತಾಳೆ ಎಂದು ನಾನು ತಂಗಿಯ ಮುಂದೆ ಹೋಗಿ ನಿಂತೆ. ಅಮ್ಮ ನನ್ನನ್ನು ಪಕ್ಕಕ್ಕೆ ಸರಿಸಿ, ಮರದ ಕಚ್ಚುಗಳ ಮೇಲೆ ಬೆರಳಾಡಿಸಿದಳು. ಮೊದಲನೆಯದು ಎಲ್ಲಕ್ಕಿಂತ ಆಳ. ಅಲ್ಲಿ ಬೆರಳು ನಿಂತಿತು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಮಾಂಸವನ್ನು ಎಳೆದು ಅದರ ಮೇಲೆ ಹಾಕಿದಳು.

"ಒಳ್ಳೇ ಕೊರಡು ಕಣೇ" ಎಂದಳು. "ಚಾಕು ಕೊಡು."