ಹೊಳಿ ದಾಟಿದ ಸುದ್ದಿ

ಹೋದ ವಾರ ವಿಮಾನದಲ್ಲಿ ನಾನೊಂದು ಸುಳ್ಳು ಹೇಳಿದೆ. ಅದೂ ಮೊಮ್ಮಗಳ ವಯಸ್ಸಿನ ಹುಡುಗಿಗೆ.

ತಂಗಿಯ ಮೊಮ್ಮಗಳ ನಿಶ್ಚಿತಾರ್ಥಕ್ಕೆಂದು ಹೈದರಾಬಾದಿನಿಂದ ಬೆಂಗಳೂರಿಗೆ ಹೊರಟಿದ್ದೆ. (ನಮ್ಮ ನಾರಾಯಣಪೇಟೆ ಜಿಲ್ಲೆಯಾದ ಮೇಲೆ ನಮಗೂ ಬಸ್ಸು ಸಾಲದಾಗಿದೆ.) "ತಾತಾ, ಫೋನ್ ಫ್ಲೈಟ್ ಮೋಡ್‌ಗೆ ಹಾಕಿದ್ರಾ?" ಎಂದು ಗಗನಸಖಿ ಕೇಳಿದಳು.

"ಹಾಕೀನವ್ವಾ" ಅಂದೆ. ಹಾಕಿರಲಿಲ್ಲ.

ಯಾಕೆ? ಅದೇ ಜಿಲ್ಲೆಯ, ಕೃಷ್ಣೆಗೆ ಹತ್ತಿರದ ಮಾಗನೂರಿನ ನಮ್ಮ ಮನೆಯಲ್ಲೊಂದು ಪದ್ಧತಿ. ಯಾರಾದರೂ ಕೃಷ್ಣೆ ದಾಟಲು ಹೋದರೆ, ದಾಟಿದ ಸುದ್ದಿ ಬರುವ ತನಕ ಮನೆಯ ಹೆಂಗಸರು ಉಣ್ಣುವುದಿಲ್ಲ. ಹರಗೋಲಿನ ಕಾಲದ್ದು. ಸೇತುವೆ ಬಂತು, ರೈಲು ಬಂತು, ಪದ್ಧತಿ ಹೋಗಲಿಲ್ಲ. ವಿಮಾನವೂ ಕೃಷ್ಣೆಯ ಮೇಲೇ ಹೋಗುತ್ತದಲ್ಲ? ನನ್ನ ಹೆಂಡತಿ ಶರಣಮ್ಮನಿಗೆ ಶುಗರ್. ಗುಳಿಗೆ ನುಂಗಿ ಉಣ್ಣದೆ ಕೂತರೆ ತಲೆ ತಿರುಗಿ ಬೀಳುತ್ತಾಳೆ.

ಗದ್ವಾಲದ ಕಡೆ ಹೊಳೆ ಬೆಳ್ಳಗೆ ಕಂಡಿತು. ಕದ್ದು ಫೋನ್ ಹಚ್ಚಿದೆ. ಹತ್ತಲಿಲ್ಲ. ಮತ್ತೆ ಹಚ್ಚಿದೆ. ಕೊನೆಗೆ ವಿಮಾನ ಬೆಂಗಳೂರಿನಲ್ಲಿ ಇಳಿಯುವಾಗ ನನ್ನ ಜೇಬೇ ಕೂಗತೊಡಗಿತು. ಶರಣಮ್ಮ ಕಾಯಲಾರದೆ ಫೋನ್ ಮಾಡಿದ್ದಳು.

ಬೆಲ್ಟ್ ಬಿಗಿದು ಎದುರು ಕೂತಿದ್ದ ಅದೇ ಹುಡುಗಿ ನನ್ನನ್ನು ನೋಡಿದಳು. ತಟ್ಟನೆ ಆಫ್ ಮಾಡಿದೆ.

ಇಳಿದ ಮೇಲೆ ಮೆಲ್ಲಗೆ ಹೇಳಿದಳು: "ಫೋನಿನಿಂದ ವಿಮಾನ ಬಿದ್ದುಬಿಡುತ್ತೆ ಅಂತಲ್ಲ ತಾತಾ. ಪೈಲಟ್ ಕಿವೀಲಿ ಗರಗರ ಅನ್ನಬಹುದು. ಇಳಿಯೋವಾಗ ಕೆಳಗಿನ ಟವರ್‌ನವರು ಹೇಳಿದ ಒಂದು ಮಾತು ಕೇಳದೆ ಹೋದ್ರೆ?"

"ತಪ್ಪಾತವ್ವಾ" ಅಂದೆ.

ಮನೆಗೆ ಫೋನ್ ಮಾಡಿದರೆ ಶರಣಮ್ಮನ ದನಿ ಸಣ್ಣಗಾಗಿತ್ತು. "ಕೈಕಾಲು ನಡುಗಾಕತ್ತಿದ್ವು. ಪಕ್ಕದ ಮನಿ ಈರಮ್ಮ ಬೆಲ್ಲ ತಿನಿಸ್ಯಾಳ. ಊಟ ಇನ್ನೂ ಆಗಿಲ್ರಿ."

ಅಂದರೆ ನನ್ನ ಸುಳ್ಳು ಅವಳ ಹೊಟ್ಟೆಯನ್ನೂ ತುಂಬಿಸಲಿಲ್ಲ.

ಅವತ್ತೇ ನಿರ್ಧರಿಸಿದೆ. ವಾಪಸ್ ಬರುವಾಗ ವಿಮಾನ ಹತ್ತುವ ಮೊದಲೇ ಫೋನ್ ಮಾಡಿದೆ.

"ಮೊದ್ಲು ಉಣ್ಣು."

"ಹೊಳಿ ದಾಟೋ ಮುಂಚೇನಾ? ಅತ್ತಿ ಇದ್ದಿದ್ರ ಏನಂತಿದ್ರು?"

"ಅವ್ವಗ ಶುಗರ್ ಇರಲಿಲ್ಲ. ನೀ ಉಣ್ಣೋತನಕ ನಾ ವಿಮಾನ ಹತ್ತಂಗಿಲ್ಲ."

"ಟಿಕೇಟು ಹೋಗ್ತೈತ್ರಿ."

"ಹೋಗ್ಲಿ."

ಸಾಲು ಕರಗುತ್ತಿತ್ತು. ನಾನು ಕದಲಲಿಲ್ಲ.

"ತಗೋರಿ, ರೊಟ್ಟಿ ಮುರದೀನಿ. ಮುದುಕಾದ್ರೂ ಹಟ ಹೋಗಿಲ್ಲ ನಿಮ್ದು."

ಅವಳು ಅಗಿಯುವ ಸದ್ದು ಕೇಳಿಸಿದ ಮೇಲೆಯೇ ಫೋನ್ ಪೂರ್ತಿ ಆಫ್ ಮಾಡಿ ಹತ್ತಿದೆ. ಇನ್ನು ಮುಂದೆ ನಮ್ಮ ಮನೆಯ ಪದ್ಧತಿ ಇದೇ. ಹೊರಡುವವನು ಬಾಗಿಲಲ್ಲಿ ನಿಲ್ಲಬೇಕು, ಉಳಿಯುವವಳು ಉಣ್ಣಬೇಕು.

ಆದರೂ ಒಂದು ಮಾತು ಕೊರೆಯುತ್ತದೆ. ಆ ಪೈಲಟ್ ಮನೆಯಲ್ಲೂ ಯಾರೋ ಉಣ್ಣದೆ ಕಾಯುತ್ತಿರಬಹುದು ಎಂದು ಸುಳ್ಳು ಹೇಳುವಾಗ ನನಗೆ ಯಾಕೆ ಹೊಳೆಯಲಿಲ್ಲ?