ಒದ್ದೆ ಮರಳಿನ ಮೇಲೆ ಬಲಗಾಲು

ಗಾಯ ಎಷ್ಟು ಹೊತ್ತಿಗೆ ಆದದ್ದು ಎಂದು ಡಾಕ್ಟರು ಕೇಳಿದಾಗ ಉತ್ತರ ಗೊತ್ತಿದ್ದವಳು ನಾನೊಬ್ಬಳೇ. ಗಾಯವಾದ ಭಟ್ಟರಿಗೂ ಗೊತ್ತಿರಲಿಲ್ಲ. ಆ ದಿನವನ್ನು ಕಂಡ ಕ್ರಮದಲ್ಲೇ ಬರೆದಿಡಬೇಕೆಂದು ಅಂದಿನಿಂದ ಅಂದುಕೊಳ್ಳುತ್ತಿದ್ದೇನೆ.

ಸೂರತ್ತಿನ ವರಾಛಾದಲ್ಲಿ ನಮ್ಮದೊಂದು ಹೋಟೆಲು ಇದೆ. ಸುತ್ತ ವಜ್ರ ಉಜ್ಜುವ ಕಾರ್ಖಾನೆಗಳು. ಬೆಳಿಗ್ಗೆ ಕೆಲಸಕ್ಕೆ ಹೋಗುವವರೇ ನಮ್ಮ ಗಿರಾಕಿಗಳು. ದೀಪಾವಳಿ ಬಂತೆಂದರೆ ಕಾರ್ಖಾನೆಗಳಿಗೆ ರಜೆ; ಅವರೆಲ್ಲ ಬಸ್ಸು ತುಂಬಿ ಸೌರಾಷ್ಟ್ರದ ತಮ್ಮ ಊರುಗಳಿಗೆ ಹೊರಟುಬಿಡುತ್ತಾರೆ. ಉಳಿದ ದಿನ ಕಾಲಿಡಲು ಜಾಗವಿಲ್ಲದ ಬೀದಿಯಲ್ಲಿ ಆಗ ನಾಯಿಗಳು ನಡುರಸ್ತೆಯಲ್ಲಿ ಮಲಗುತ್ತವೆ. ನಾವೂ ಬಾಗಿಲೆಳೆದು, ದೀಪಾವಳಿ ಕಳೆದು ಐದನೇ ದಿನ, ಲಾಭಪಂಚಮಿಯ ಬೆಳಿಗ್ಗೆ ಮತ್ತೆ ಒಲೆ ಹಚ್ಚುತ್ತೇವೆ. ನಮ್ಮ ಕೆಲಸದವರು ಆ ದಿನಗಳಲ್ಲಿ ಕುಂದಾಪುರ, ಉಡುಪಿ ಎಂದು ರೈಲು ಹತ್ತುತ್ತಾರೆ. ಆ ವರ್ಷ ಭಟ್ಟರು ಹತ್ತಲಿಲ್ಲ.

ಭಟ್ಟರು ನಮ್ಮ ದೋಸೆ ಕಾವಲಿಯವರು. ನಾನು ಮದುವೆಯಾಗಿ ಸೂರತ್ತಿಗೆ ಬಂದಾಗಲೇ ಅವರು ಕಾವಲಿಯ ಮುಂದೆ ನಿಂತಿದ್ದರು. ನನಗಿಂತ ಏಳೆಂಟು ವರ್ಷ ದೊಡ್ಡವರು. ಮದುವೆಯಾಗಿಲ್ಲ, ಊರಲ್ಲಿ ಒಬ್ಬ ತಂಗಿ ಇದ್ದಾಳೆ. ಹೋಟೆಲಿನ ಮೇಲಿನ ಕೋಣೆಯಲ್ಲಿ ಇರುತ್ತಾರೆ. ಸಟ್ಟುಗ ಪಕ್ಕಕ್ಕಿಟ್ಟು ಬರಿ ಬೆರಳಿನಲ್ಲೇ ದೋಸೆಯ ಅಂಚು ಎತ್ತಿ ಮಡಚುತ್ತಾರೆ. ಕುದಿಯುವ ಸಾಂಬಾರಿನಿಂದ ಬೇಳೆಯ ಕಾಳೊಂದನ್ನು ಎರಡು ಬೆರಳಲ್ಲಿ ತೆಗೆದು ಹಿಸುಕಿ ನೋಡುತ್ತಾರೆ. ನಮ್ಮ ಕಡೆಯ ಹೋಟೆಲಿನವರಿಗೆ ಇದು ಹೆಮ್ಮೆಯ ಮಾತು. ಹೊಸ ಗಿರಾಕಿಗಳು ಬೆರಗಾಗಿ ನೋಡಿದರೆ ದುಡ್ಡು ಎಣಿಸುತ್ತ ಗಲ್ಲೆಯಲ್ಲಿ ಕೂತ ನಾನೇ ಹೇಳುತ್ತಿದ್ದೆ, "ನಮ್ಮ ಭಟ್ರಿಗೆ ಬೆಂಕಿ ಮುಟ್ಟುವುದಿಲ್ಲ" ಎಂದು. ಎಷ್ಟು ಸಲ ಹೇಳಿದ್ದೆನೋ.

ಆ ದೀಪಾವಳಿಗೆ ಒಂದು ವರ್ಷ ಮೊದಲು ಭಟ್ಟರು ಒಂದು ಹಟ ಹಿಡಿದಿದ್ದರು. ಕಾವಲಿಯ ಮೇಲ್ಗಡೆ ಗೋಡೆಗೆ ಹಾಕಿದ್ದ ಟಿವಿಯನ್ನು ತೆಗೆಯಬೇಕು, ಇಲ್ಲವೇ ಶಬ್ದ ಮುಚ್ಚಬೇಕು. ಕ್ರಿಕೆಟ್ ಇದ್ದ ದಿನ ಗಿರಾಕಿಗಳು ಗೊಣಗಿದರೂ ಅವರು ಕೇಳಲಿಲ್ಲ. ಮುದುಕರಾದ ಹಾಗೆ ಸಿಡುಕು ಜಾಸ್ತಿ ಎಂದು ನಾವು ನಕ್ಕು ಟಿವಿಯನ್ನು ಬಾಗಿಲ ಬಳಿಗೆ ಸಾಗಿಸಿದೆವು.

ಆ ರಜೆಯ ಪ್ರವಾಸ ನನ್ನ ಮಗಳ ಯೋಚನೆ. ವಡೋದರಾದಲ್ಲಿ ಓದುತ್ತಾಳೆ, ರಜೆಗೆ ಬಂದಿದ್ದಳು. ಒಂದೇ ದಿನದಲ್ಲಿ ಎಲ್ಲವೂ ಆಗಬೇಕು ಎಂದು ಫೋನಿನಲ್ಲಿ ಲೆಕ್ಕ ಹಾಕಿದ್ದಳು: ಬೆಳಿಗ್ಗೆ ವಲ್ಸಾಡ್ ದಾಟಿ ಕಡಲತೀರ, ಅಲ್ಲಿ ಪ್ಯಾರಾಸೇಲಿಂಗ್, ಮಧ್ಯಾಹ್ನ ಕಾಡಿನ ದಾರಿಯಲ್ಲಿ ಬಿಸಿನೀರಿನ ಕುಂಡ, ಸಂಜೆಗೆ ಮರಳಿ ಸೂರತ್ತಿನ ಅಡಾಜಣ್‌ನಲ್ಲಿರುವ ನಮ್ಮ ಮನೆ. ಹೋಟೆಲಿನ ಮೇಲೆ ಒಬ್ಬರೇ ಉಳಿದಿದ್ದ ಭಟ್ಟರನ್ನೂ ಕರೆದೆವು. ಅವರು ಬೆಳಗಿನ ಜಾವವೇ ಎದ್ದು ಬನ್ಸ್ ಕರಿದು ಡಬ್ಬಿ ತುಂಬಿ ಕಾದಿದ್ದರು.

ನಾವು ತಲುಪಿದಾಗ ಇಳಿತ. ಕಡಲು ಅಷ್ಟು ದೂರ ಹಿಂದೆ ಹೋಗಿತ್ತು. ಬೂದುಬಣ್ಣದ ಒದ್ದೆ ಮರಳು, ಗಟ್ಟಿ ನೆಲದ ಹಾಗೆ. ಅಲ್ಲಿ ಪ್ಯಾರಾಸೇಲಿಂಗಿಗೆ ದೋಣಿ ಇಲ್ಲ. ಉದ್ದ ಹಗ್ಗ ಕಟ್ಟಿದ ಜೀಪು ಮರಳ ಮೇಲೆ ಓಡುತ್ತದೆ, ಹಿಂದೆ ಪ್ಯಾರಾಚೂಟಿನ ಕೊಡೆ ಗಾಳಿ ತುಂಬಿ ಮನುಷ್ಯನನ್ನು ಎತ್ತುತ್ತದೆ. ಚಪ್ಪಲಿ ಬಿಚ್ಚಬೇಕು. ಇಳಿಯುವಾಗ ಮುಂದೆ ನೋಡಬೇಕು, ನೆಲ ತಾಗಿದ ತಕ್ಷಣ ನಾಲ್ಕು ಹೆಜ್ಜೆ ಓಡಬೇಕು ಎಂದು ಅಲ್ಲಿನವನು ಹಿಂದಿಯಲ್ಲಿ ಎಲ್ಲರಿಗೂ ಒಂದೇ ಸಮನೆ ಹೇಳುತ್ತಿದ್ದ.

ಮಗಳು ಮೊದಲು ಹೋಗಿ ಬಂದಳು. ಬಂದವಳೇ ಭಟ್ಟರ ತೋಳು ಹಿಡಿದಳು.

"ಭಟ್ರ್ ಅಂಕಲ್, ಚಲೋ ನಾ. ಒಂದ್ ಸಲ."

"ನನ್ನನ್ನು ಎತ್ತಲಿಕ್ಕೆ ಆ ಜೀಪಲ್ಲ ಮಗಾ, ಕ್ರೇನ್ ಬೇಕು."

"ಡರ್ ಗಯೇ ಕ್ಯಾ?"

"ಹೆದರಿಕೆಯಾ? ನಿನ್ನ ಅಪ್ಪ ಹಿಟ್ಟು ರುಬ್ಬಲಿಕ್ಕೆ ಕಲಿತಾಗ ಹೆದರಿದ್ದೇನೆ. ಆಮೇಲೆ ಇಲ್ಲ."

ನನ್ನ ಗಂಡ ನಕ್ಕು, "ಹೋಗಿ ಬನ್ನಿ ಭಟ್ರೇ, ಬಾಯಿ ಮುಚ್ಚಿದ ಹಾಗೂ ಆಗ್ತದೆ" ಅಂದರು.

ಭಟ್ಟರು ಪಂಚೆ ಬಿಚ್ಚಿ ಒಳಗಿನ ಚಡ್ಡಿಯಲ್ಲೇ ನಿಂತು ಸೊಂಟಕ್ಕೂ ತೊಡೆಗೂ ಹಾರುವ ಪಟ್ಟಿ ಕಟ್ಟಿಸಿಕೊಂಡರು. ಮೇಲೆ ಹೋದರು. ಮೇಲಿದ್ದಾಗ ಎರಡೂ ಕೈ ಬಿಟ್ಟು ಎಲ್ಲೋ ದೂರ ಕಡಲನ್ನು ನೋಡುತ್ತಿದ್ದರು. ಅವರನ್ನು ಅಷ್ಟು ಹಗುರಾಗಿ ನಾನು ನೋಡಿದ್ದಿಲ್ಲ. ಇಳಿಯುವಾಗ ಮಾತ್ರ ಕತ್ತು ಬಗ್ಗಿಸಿ ತಮ್ಮ ಪಾದಗಳನ್ನೇ ನೋಡತೊಡಗಿದರು. ಕೆಳಗಿನಿಂದ ಆ ಮನುಷ್ಯ "ಸಾಮನೇ ದೇಖೋ, ಸಾಮನೇ" ಎಂದು ಕೂಗಿದರೂ ತಲೆ ಎತ್ತಲಿಲ್ಲ. ನೆಲ ತಾಗಿದರೂ ಕಾಲು ಓಡಲಿಲ್ಲ. ಮೊಣಕಾಲೂರಿ ಬಿದ್ದು, ಕೊಡೆ ಎಳೆದಷ್ಟು ದೂರ ಜಾರಿ, ಎದ್ದು ನಿಂತು ಕೈ ಬೀಸಿದರು. ಮಗಳು ಚಪ್ಪಾಳೆ ತಟ್ಟಿದಳು. ಹತ್ತೂವರೆ ಗಂಟೆ. ನಂತರ ನಮ್ಮ ಸರದಿ ಎಂದು ನಾನು ಆಗಷ್ಟೇ ಗಡಿಯಾರ ನೋಡಿದ್ದೆ, ಆದ್ದರಿಂದ ಗೊತ್ತು.

ಅವರು ನಮ್ಮ ಕಡೆಗೆ ನಡೆದು ಬಂದರು. ಹಿಂದೆ ಹೆಜ್ಜೆಗುರುತು. ಎಡಗಾಲಿನ ಗುರುತಿನಲ್ಲಿ ಬರಿ ನೀರು ಜಿನುಗಿತ್ತು. ಬಲಗಾಲಿನ ಗುರುತಿನಲ್ಲಿ, ಹೊರಗಿನ ಅಂಚಿಗೆ, ಕಂದುಗೆಂಪು. ಒಂದರಲ್ಲಿ ಮಾತ್ರ ಅಲ್ಲ, ಒಂದು ಬಿಟ್ಟು ಒಂದು ಹೆಜ್ಜೆಗೆ, ಅವರು ಬಂದ ದಾರಿಯುದ್ದಕ್ಕೂ.

"ಭಟ್ರೇ, ಕಾಲಿಗೆ ಚಿಪ್ಪು ತಾಗಿತಾ?" ಅಂದೆ.

ಅವರು ಹಿಂದೆ ತಿರುಗಿ ಮರಳನ್ನು ನೋಡಿದರು. ನನ್ನ ಪ್ರಶ್ನೆ ಕೇಳಿ ಕಾಲನ್ನು ಎತ್ತಿ ನೋಡಲಿಲ್ಲ, ಮೊದಲು ಮರಳನ್ನು ನೋಡಿದರು. ಆಮೇಲೆ ನನ್ನನ್ನು.

"ಓ, ಅದು ಹಳೇದು ಅಕ್ಕ. ಒಡಕು ಉಂಟು ಹಿಮ್ಮಡಿಯಲ್ಲಿ."

ಗುರುತು ಹಿಮ್ಮಡಿಯದ್ದಲ್ಲ, ಕಿರುಬೆರಳಿನ ಬುಡದ್ದು. ಹಳೆಯ ಗಾಯವಾದರೆ ಹಿಂದೆ ತಿರುಗಿ ನೋಡುವುದು ಏಕೆ? ಇವು ನಾನು ಈಗ ಹುಟ್ಟಿಸಿಕೊಂಡ ಅನುಮಾನಗಳಲ್ಲ. ಅಲ್ಲೇ, ಆ ಗಳಿಗೆಯಲ್ಲೇ, ಎರಡೂ ಮನಸ್ಸಿಗೆ ಬಂದಿದ್ದವು. ಹನ್ನೊಂದು ವರ್ಷಗಳ ನಂತರ ನಾವು ಹೊರಟ ಪ್ರವಾಸ. ಮಗಳು ನಗುತ್ತಿದ್ದಳು. ಗಂಡನಿಗೆ ಹಾರುವ ಪಟ್ಟಿ ಕಟ್ಟುತ್ತಿದ್ದರು. "ಹೌದಾ" ಅಂದು ಸುಮ್ಮನಾದೆ.

ಆಮೇಲೆ ನೀರಿನವರೆಗೆ ನಡೆದು ಹೋದೆವು. ನನ್ನ ಕಾಲಿನಲ್ಲಿ ಚಪ್ಪಲಿ ಕಚ್ಚಿದ ಸಣ್ಣ ಗೀರು ಇತ್ತು. ಉಪ್ಪುನೀರು ತಾಗಿದ್ದೇ ಚುರ್ರೆಂದು ಕಾಲು ಹಿಂದೆ ತೆಗೆದೆ. ಪಕ್ಕದಲ್ಲಿ ಭಟ್ಟರು ಕಾಲಿನ ಗಂಟಿನವರೆಗೆ ನೀರಲ್ಲಿ ನಿಂತು, ಮರವಂತೆಯ ಕಡಲಿನ ಬಣ್ಣವೇ ಬೇರೆ, ಇದು ತೊಳೆದ ಅಕ್ಕಿಯ ನೀರಿನ ಹಾಗಿದೆ ಎಂದು ಹೇಳುತ್ತಿದ್ದರು. ಮಾತು ಎಲ್ಲಿಯೂ ತಡೆಯಲಿಲ್ಲ. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಗಾಳಿಮರದ ನೆರಳಲ್ಲಿ ಕೂತು ಬನ್ಸ್ ತಿಂದೆವು. ಅವರು ಪಾದವನ್ನು ಪಂಚೆಯೊಳಗೆ ಎಳೆದುಕೊಂಡು ಕೂತಿದ್ದರು.

ಬಿಸಿನೀರಿನ ಕುಂಡ ತಲುಪಿದಾಗ ಮೂರು ಗಂಟೆ. ಗಂಡಸರಿಗೆ, ಹೆಂಗಸರಿಗೆ ಗೋಡೆ ಕಟ್ಟಿದ ಬೇರೆ ಬೇರೆ ಕೊಳಗಳು. ಹಜಾರದ ಕೊನೆಯಲ್ಲಿ, ನೀರು ನೆಲದಿಂದ ಉಕ್ಕುವ ಕಡೆ, ಕಲ್ಲು ಕಟ್ಟಿದ ಚಿಕ್ಕ ತೊಟ್ಟಿ. ಅದರ ನೀರು ತಣಿಯುತ್ತ ಕೊಳಗಳಿಗೆ ಹರಿದು ಬರುತ್ತದೆ. ತೊಟ್ಟಿಯ ಮೇಲೆ ಗುಜರಾತಿಯಲ್ಲಿ ಎಚ್ಚರಿಕೆಯ ಹಲಗೆ. ಭಟ್ಟರಿಗೆ ಗುಜರಾತಿ ಮಾತು ಬರುತ್ತದೆ, ಓದಲು ಬರುವುದಿಲ್ಲ.

ನಾನೂ ಮಗಳೂ ಹೆಂಗಸರ ಕೊಳಕ್ಕೆ ಇಳಿದೆವು. ಗಂಧಕದ ಸಣ್ಣ ವಾಸನೆ. ಎದೆಮಟ್ಟದ ನೀರು, ಬಾಣಂತಿಗೆ ಎರೆಯುವಷ್ಟು ಬೆಚ್ಚಗೆ. ಮಗಳು ಆ ತುದಿಯಿಂದ ಈ ತುದಿಗೆ ಈಜಿದಳು. ನಾನು ಗೋಡೆ ಹಿಡಿದು ತೇಲಿದೆ. ಗಲ್ಲೆಯಲ್ಲಿ ಕೂತು ಹಿಡಿದ ಸೊಂಟ ಸಡಿಲವಾಯಿತು. ಕಿವಿ ನೀರಲ್ಲಿ ಮುಳುಗಿದಾಗ ಏನೂ ಕೇಳುವುದಿಲ್ಲ. ಆ ಹದಿನೈದು ನಿಮಿಷ ಬಲಗಾಲಿನ ಗುರುತು ನನಗೆ ನೆನಪಾಗಲಿಲ್ಲ. ಇದನ್ನೂ ಬರೆಯಲೇಬೇಕು.

ಬಟ್ಟೆ ಬದಲಿಸಿ ಹೊರಗೆ ಬಂದಾಗ ಭಟ್ಟರು ತೊಟ್ಟಿಯ ಕಟ್ಟೆಯ ಮೇಲೆ ಕೂತಿದ್ದರು. ಎರಡೂ ಕಾಲು ನೀರೊಳಗೆ. ಪಂಚೆ ಮೊಣಕಾಲಿನ ಮೇಲಕ್ಕೆ. ಸುತ್ತ ನಾಲ್ಕೈದು ಜನ ಬೆರಗಿನಿಂದ ನಿಂತಿದ್ದರು. ಒಬ್ಬ ಮುದುಕಿ, "ಭಾಈ, ದಾಝೀ ಜಶೋ," ಸುಟ್ಟುಹೋಗ್ತೀಯ ಎಂದು ಮತ್ತೆ ಮತ್ತೆ ಹೇಳುತ್ತಿದ್ದಳು. ನನ್ನ ಗಂಡ ಟವೆಲ್ಲಿನಲ್ಲಿ ತಲೆ ಒರೆಸಿಕೊಳ್ಳುತ್ತ ಅವಳಿಗೆ ಗುಜರಾತಿಯಲ್ಲಿ ಹೇಳಿದರು, "ಚಿಂತೆ ಬೇಡ ಅಜ್ಜಿ, ಇವರು ದೋಸೆಯವರು. ಇವರಿಗೆ ಬೆಂಕಿ ಮುಟ್ಟುವುದಿಲ್ಲ."

ಅದು ನನ್ನ ಮಾತು. ಗಲ್ಲೆಯಿಂದ ವರ್ಷಗಟ್ಟಲೆ ನಾನು ಹೇಳಿದ ಮಾತು.

ಹತ್ತಿರ ಹೋಗಿ ಅವರ ಕಾಲಿನ ಪಕ್ಕ ಕೈ ಅದ್ದಿದೆ. ಮೂರು ಎಣಿಸುವಷ್ಟರಲ್ಲಿ ತೆಗೆಯಬೇಕಾಯಿತು. ಅವರ ಕಾಲು ನೋಡಿದೆ. ನೀರಿನ ಮಟ್ಟಕ್ಕೆ ಸರಿಯಾಗಿ, ಕೆಂಪು ಕಾಲುಚೀಲ ಹಾಕಿದ ಹಾಗೆ, ಒಂದು ಗೆರೆ.

"ಭಟ್ರೇ, ಕಾಲು ತೆಗೀರಿ."

"ಎಂತ ಆಗುದಿಲ್ಲ ಅಕ್ಕ. ಹಿತ ಉಂಟು."

"ತೆಗೀರಿ ಅಂದೆ."

ಅವರು ನಗುತ್ತಲೇ ಇದ್ದರು. ನಾನು ಬಗ್ಗಿ ಅವರ ಎರಡೂ ಮೊಣಕಾಲು ಹಿಡಿದು ಎಳೆದು ಹೊರಗೆ ಹಾಕಿದೆ. ಅವರಿಗೆ ಗಾಬರಿಯಾದದ್ದು ಅದಕ್ಕೆ. "ಕಾಲು ಮುಟ್ಬೇಡಿ ಅಕ್ಕ, ಬಿಡಿ, ಕಾಲು ಮುಟ್ಬೇಡಿ" ಎಂದು ಎರಡೂ ಕೈಯಲ್ಲಿ ನನ್ನ ಕೈ ತಳ್ಳಿದರು. ಬಲಗಾಲಿನ ಮೀನಖಂಡದ ಕೆಳಗೆ ಆಗಲೇ ಚರ್ಮ ಗುಳ್ಳೆಯಾಗಿ ಎದ್ದಿತ್ತು. ಅಂಗಾಲಿನಲ್ಲಿ ಕಿರುಬೆರಳಿನ ಬುಡಕ್ಕೆ ಒಂದು ಸೀಳು, ಬಾಯಿ ತೆರೆದುಕೊಂಡು, ತೊಳೆದು ಬಿಳಿಯಾಗಿ. ಅದರೊಳಗೆ ಚಿಪ್ಪಿನ ಚೂರು ಇನ್ನೂ ಇತ್ತು.

ಮಗಳು ತಣ್ಣೀರು ತಂದು ಸುರಿಯತೊಡಗಿದಳು. ನನ್ನ ಗಂಡ ಟವೆಲ್ಲು ಹಿಡಿದು ಹಾಗೇ ನಿಂತಿದ್ದರು.

"ಕಾಲಿಗೆ ಏನೂ ತಿಳಿಯದ್ದು ಯಾವಾಗಿಂದ?" ಎಂದು ಕೇಳಿದೆ.

ಭಟ್ಟರು ತೊಟ್ಟಿಯ ಕಡೆ ನೋಡಿದರು. "ಹೋದ ವರ್ಷ ಮಳೆಗಾಲದಿಂದ. ಸಕ್ಕರೆ ಕಾಯಿಲೆ ಅಂದ್ರು. ಒಲೆ ಮುಂದೆ ನಿಲ್ಬಾರ್ದು ಅಂದ್ರು." ಪಂಚೆಯನ್ನು ಕೆಳಕ್ಕೆಳೆದುಕೊಳ್ಳುತ್ತ, "ನಿಲ್ಲದೆ ಇದ್ರೆ ನನಗೆ ಸೂರತ್ತಿನಲ್ಲಿ ಎಂತ ಕೆಲಸ ಅಕ್ಕ?"

"ಕೈ?"

"ಎಡದ್ದಕ್ಕೆ ಸ್ವಲ್ಪ ತಿಳಿತದೆ."

"ಮತ್ತೆ ಕಾವಲಿ ಕಾದದ್ದು ಹೇಗೆ ತಿಳಿಯುದು ನಿಮಗೆ?"

"ನೀರು ಚಿಮುಕಿಸಿದ್ರೆ ಶಬ್ದ ಬರ್ತದಲ್ಲ. ಅದನ್ನ ಕೇಳುದು."

ಟಿವಿಯ ಹಟ ನನಗೆ ಅರ್ಥವಾದದ್ದು ಆಗ. ಊರಿಗೆ ಏಕೆ ಹೋಗಲಿಲ್ಲ ಎಂಬುದೂ. ಊರ ಮನೆಯಲ್ಲಿ ಬರಿಗಾಲಲ್ಲಿ ತಿರುಗಬೇಕು, ತಂಗಿ ನೋಡಿಯಾಳು. ಕಾರಿನಲ್ಲಿ ಅವರು ಒಂದೇ ಒಂದು ಮಾತು ಆಡಿದರು: "ಮೇಲೆ ಇದ್ದಾಗ ಭಾರಿ ಚಂದ ಇತ್ತು. ಅಲ್ಲಿ ಕಾಲಿನ ಗೊಡವೆ ಇರ್ಲಿಲ್ಲ. ಕೆಳಗೆ ಬರುವಾಗ ನೆಲ ಎಲ್ಲಿ ಉಂಟು ಅಂತ ತಿಳಿಯುದಿಲ್ಲ, ನೋಡ್ಲೇಬೇಕು."

ಸೂರತ್ತಿನ ಆಸ್ಪತ್ರೆ ತಲುಪಿದಾಗ ಸಂಜೆ ಆರೂವರೆ. ಡಾಕ್ಟರು ಚಿಪ್ಪಿನ ಚೂರು ತೆಗೆದು ಟ್ರೇಗೆ ಹಾಕಿ ಕೇಳಿದರು, ಇದು ಎಷ್ಟು ಹೊತ್ತಿಗೆ ಆದದ್ದು ಎಂದು. ಭಟ್ಟರು ನನ್ನ ಗಂಡನ ಮುಖ ನೋಡಿದರು. ನನ್ನ ಗಂಡ, "ಕುಂಡದ ಹತ್ತಿರ ಇರಬೇಕು" ಅಂದರು.

"ಬೆಳಿಗ್ಗೆ ಹತ್ತೂವರೆಗೆ," ಅಂದೆ ನಾನು. "ಸಮುದ್ರದ ಹತ್ತಿರ."

ಗಂಡ ನನ್ನ ಕಡೆ ತಿರುಗಿದರು. "ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

ಅವರು ಅದರ ಮೇಲೆ ಏನೂ ಕೇಳಲಿಲ್ಲ. ಇಂದಿನವರೆಗೂ ಕೇಳಿಲ್ಲ.

ಸುಟ್ಟ ಚರ್ಮ ಒಂದು ತಿಂಗಳಲ್ಲಿ ಮಾಗಿತು. ಸೀಳು ಮಾಗಲಿಲ್ಲ. ಡಿಸೆಂಬರಿನಲ್ಲಿ ಬಲಗಾಲಿನ ಕಿರುಬೆರಳನ್ನು ತೆಗೆಯಬೇಕಾಯಿತು. ಬೆಳಿಗ್ಗೆಯೇ ತೊಳೆದು ಕಟ್ಟಿದ್ದರೆ, ಬಿಸಿನೀರಿಗೆ ಇಳಿಯದಿದ್ದರೆ, ಉಳಿಯುತ್ತಿತ್ತೇ ಎಂದು ಡಾಕ್ಟರನ್ನು ಕೇಳಿದೆ. ಹೇಳಲಾಗದು ಅಂದರು. ಉಳಿಯುತ್ತಿತ್ತು ಎಂದಿದ್ದರೂ ನಾನು ತಾಳಿಕೊಳ್ಳುತ್ತಿದ್ದೆ.

ಆಸ್ಪತ್ರೆಯಿಂದ ಬಂದ ಮೇಲೆ ಭಟ್ಟರು ಗಲ್ಲೆಯ ಮುಂದೆ ನಿಂತು, ಊರಿಗೆ ಹೋಗುತ್ತೇನೆ ಎಂದರು. ಹೋಗಿ ಏನು ಮಾಡುತ್ತೀರಿ ಎಂದು ನನ್ನ ಗಂಡ ತಡೆದರು. ಈಗ ಕಾವಲಿಯ ಪಕ್ಕ, ಬೆಂಕಿಯಿಂದ ಎರಡು ಮೊಳ ದೂರಕ್ಕೆ, ಅವರಿಗೊಂದು ಎತ್ತರದ ಕುರ್ಚಿ ಇದೆ. ದೋಸೆ ಹೊಯ್ಯುವವನು ಹೊಸಬ, ಬೈಂದೂರಿನವನು. ನೀರು ಚಿಮುಕಿಸಿದಾಗ ಭಟ್ಟರು ಕಣ್ಣು ಮುಚ್ಚಿ ಕೇಳುತ್ತಾರೆ. "ಇನ್ನೂ ಇಲ್ಲ ಮಾರಾಯ, ಅದು ಅಳ್ತಾ ಉಂಟು, ನಗ್ಲಿಲ್ಲ" ಎನ್ನುತ್ತಾರೆ. ಹೊಸಬನಿಗೆ ಸಿಟ್ಟು ಬರುತ್ತದೆ. ಟಿವಿ ಬಾಗಿಲ ಬಳಿಯೇ ಇದೆ.

ಅಂಗಾಲನ್ನು ದಿನವೂ ನೋಡಬೇಕು, ಸ್ವಂತ ಅಂಗಾಲು ಸ್ವಂತ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ, ಬೇರೆ ಯಾರಾದರೂ ನೋಡಬೇಕು ಎಂದು ಡಾಕ್ಟರು ಹೇಳಿದ್ದರು. ಒಲೆ ಹಚ್ಚುವ ಮೊದಲು ಭಟ್ಟರು ಅಕ್ಕಿ ಮೂಟೆಯ ಮೇಲೆ ಕೂತು ಕಾಲು ಚಾಚುತ್ತಾರೆ. ಮೊದಲ ವಾರ ಬೇಡವೇ ಬೇಡ ಎಂದು ಜಗಳ ಮಾಡಿದ್ದರು. ಈಗ ಮುಖವನ್ನು ಗೋಡೆಗೆ ತಿರುಗಿಸಿಕೊಳ್ಳುತ್ತಾರೆ. ನಾನು ಫೋನಿನ ಬೆಳಕು ಹಿಡಿದು ಹಿಮ್ಮಡಿಯಿಂದ ಶುರುಮಾಡಿ, ಬೆರಳ ಸಂದಿ ಸಂದಿ ಬಿಡಿಸಿ ನೋಡುತ್ತೇನೆ. ಬಲಗಾಲಿನಲ್ಲಿ ನಾಲ್ಕೇ ಬೆರಳು.

"ಎಂತಾದ್ರೂ ಉಂಟಾ ಅಕ್ಕ?"

ಇಲ್ಲವೆಂದು ಹೇಳುವ ಮೊದಲು ಇನ್ನೊಂದು ಸಲ ನೋಡುತ್ತೇನೆ.