ಬಾಣಂತಿ ಕೋಣೆಯ ಹುತ್ತ

ಗೆದ್ದಲು ಹಿಡಿದ ಮರಕ್ಕೆ ಒಂದು ವಾಸನೆ ಇರುತ್ತದೆ. ಮುಚ್ಚಿಟ್ಟ ಡಬ್ಬಿಯಲ್ಲಿ ರಾಗಿಹಿಟ್ಟು ಮುಗ್ಗು ಹಿಡಿದಾಗ ಬರುತ್ತದಲ್ಲ, ಆ ಥರದ್ದು. ಇವತ್ತು ಬೆಳಿಗ್ಗೆ ಬೆಳಗೊಳದ ಒಂದು ಹಳೆಯ ಮನೆಯಲ್ಲಿ, ಮಲಗುವ ಕೋಣೆಯ ಬಾಗಿಲ ಚೌಕಟ್ಟಿಗೆ ಸ್ಕ್ರೂಡ್ರೈವರ್ ಒತ್ತಿದೆ. ಬೆಂದ ಕಡುಬಿಗೆ ಬೆರಳು ಹೋದ ಹಾಗೆ ಒಳಗೆ ಹೋಯಿತು, ಆ ವಾಸನೆ ಮೂಗಿಗೆ ಬಡಿಯಿತು. ಮನೆಯಾಕೆ ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದರು. ನನಗೋ ಗಂಜಾಮಿನ ಗೌರಕ್ಕ ನೆನಪಾಗಿಬಿಟ್ಟರು.

ನನ್ನ ಕಸುಬು ಏನೆಂದು ಹೇಳದಿದ್ದರೆ ನಿಮಗೆ ಇದರ ತಲೆಬುಡ ಗೊತ್ತಾಗುವುದಿಲ್ಲ. ಹಳೆಯ ಮನೆ ಕೊಳ್ಳುವವರು, ರಿಪೇರಿ ಮಾಡಿಸುವವರು ಮೊದಲು ನನ್ನನ್ನು ಕರೆಸುತ್ತಾರೆ. ನಾನು ಹೋಗಿ ಗೋಡೆ ತಟ್ಟಿ, ತೊಲೆ ಕುಟ್ಟಿ, ನೀರು ಎಲ್ಲಿ ಜಿನುಗುತ್ತಿದೆ, ಗೆದ್ದಲು ಎಲ್ಲಿಗೆ ಬಂದಿದೆ ಎಂದು ನೋಡಿ ಹೇಳುತ್ತೇನೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಸ್ಕೂಟರ್ ಓಡುವಷ್ಟು ದೂರ ನನ್ನದೇ ರಾಜ್ಯ. ನಾಗಮಂಗಲದ ಕಡೆ ಗೋಡೆ ಒಣಗಿ ಬಿರಿಯುತ್ತದೆ. ಹೊಳೆದಂಡೆಯ ಮನೆಗಳಲ್ಲಿ ನೆನೆದು ಉಬ್ಬುತ್ತದೆ. ಜನ ಎರಡನ್ನೂ ಕ್ಯಾಲೆಂಡರ್ ತೂಗುಹಾಕಿ ಮುಚ್ಚುತ್ತಾರೆ. ಒಂದೇ ಗೋಡೆಗೆ ಮೂರು ಕ್ಯಾಲೆಂಡರ್ ಇದ್ದರೆ ನಾನು ಕಾಫಿ ಕುಡಿಯುವ ಮೊದಲೇ ಅವನ್ನು ಎತ್ತಿ ನೋಡುತ್ತೇನೆ. ಹೆಂಗಸೊಬ್ಬಳು ಅಟ್ಟ ಹತ್ತುತ್ತಾಳೆಂದರೆ ನೋಡುವುದಕ್ಕೆ ಬೀದಿಯೇ ಬಂದು ನಿಲ್ಲುತ್ತದೆ, ಅದರಲ್ಲೂ ನನ್ನ ಗಾತ್ರದವಳು. ಪಾಂಡವಪುರದಲ್ಲಿ ಒಮ್ಮೆ ಅಟ್ಟದ ಬಾಯಲ್ಲಿ ಸಿಕ್ಕಿಕೊಂಡು, ಕೆಳಗಿನವರು ಎಳೆಯುವುದೋ ನೂಕುವುದೋ ಎಂದು ಪಂಚಾಯ್ತಿ ಮಾಡುತ್ತಿದ್ದುದನ್ನು ಕೇಳಿಸಿಕೊಳ್ಳುತ್ತಾ ನೇತಾಡಿದ್ದೇನೆ. ಅದು ಹಾಗಿರಲಿ.

ಗೌರಕ್ಕನದು ಹೊಲ, ಹಸು, ಡೈರಿಗೆ ಹಾಲು ಎಂದು ದಿನವಿಡೀ ಸದ್ದಿರುವ ಮನೆ. ಹಿತ್ತಿಲು ದಾಟಿದರೆ ಕಾವೇರಿ. ಒಬ್ಬಳೇ ಮಗಳು ಪವಿತ್ರಳನ್ನು ಕಿಕ್ಕೇರಿಗೆ ಕೊಟ್ಟಿದ್ದರು. ಅವಳಿಗೆ ಚೊಚ್ಚಲು, ದಿನ ಹತ್ತಿರ ಬರುತ್ತಿತ್ತು. ಮಡಿಲಕ್ಕಿ ತುಂಬುವ ಶಾಸ್ತ್ರಕ್ಕೆ ಬಂದ ಬೀಗಿತ್ತಿ ಊಟಕ್ಕೆ ಕೂತಿದ್ದಾಗ ಅಟ್ಟದಿಂದ ಸಣ್ಣ ಮಣ್ಣು ಉದುರಿ ಪಾಯಸಕ್ಕೆ ಬಿತ್ತಂತೆ. ಆಕೆ ಎಲೆ ಮಡಚಿ ಎದ್ದವರೇ, ಉದುರುವ ಮನೆಯಲ್ಲಿ ಬಾಣಂತಿ ಮಗು ಇಡೋದಕ್ಕಾಗಲ್ಲ, ತಿಳಿದವರು ನೋಡಿ ಗಟ್ಟಿಯಾಗಿದೆ ಅಂದರೆ ಕಳಿಸ್ತೀವಿ, ಇಲ್ಲವಾದರೆ ಬಾಣಂತನ ಕಿಕ್ಕೇರಿಯಲ್ಲೇ ಎಂದು ಹೇಳಿ ಸೊಸೆಯನ್ನು ಕರೆದುಕೊಂಡು ಹೊರಟೇಬಿಟ್ಟರು. ಚೊಚ್ಚಲ ಬಾಣಂತನ ತವರಲ್ಲಿ ಆಗದಿದ್ದರೆ ಆ ತಾಯಿ ಬೀದಿಯಲ್ಲಿ ಹೇಗೆ ತಲೆಯೆತ್ತಿ ನಡೆಯಬೇಕು, ನೀವೇ ಹೇಳಿ. ಅದಕ್ಕಿಂತ ಹೆಚ್ಚಾಗಿ, ಗೌರಕ್ಕನಿಗೆ ಮಗಳು ಬೇಕಾಗಿತ್ತು. ಮಗುವಿಗೆ ತಾನೇ ಎಣ್ಣೆ ಹಚ್ಚಿ ನೀರು ಹಾಕಬೇಕಾಗಿತ್ತು.

ನಾನು ಸ್ಕೂಟರ್ ನಿಲ್ಲಿಸುವ ಮೊದಲೇ ಅವರು ಕೈ ಹಿಡಿದುಕೊಂಡರು. ಮನೆ ಚೆನ್ನಾಗಿದೆ ಅಂತ ಒಂದು ಮಾತು ಹೇಳಿಬಿಟ್ಟರೆ ಸಾಕು, ಮಿಕ್ಕಿದ್ದು ನಾನು ನೋಡ್ಕೋತೀನಿ ಎಂದರು. ನೋಡದೆ ಹೇಳೋ ಮಾತೇ ಇಲ್ಲ ಎಂದು ನಾನು ಖಡಾಖಂಡಿತವಾಗಿ ಹೇಳಿದೆ. ಅವರೂ ಹಟಮಾರಿ, ನಾನೂ ಹಟಮಾರಿ. ಒಳ್ಳೆ ಜೋಡಿ.

ಹಿಂದುಗಡೆಯ ಕೋಣೆಯೇ ಬಾಣಂತಿ ಕೋಣೆ. ಬಚ್ಚಲಿಗೆ ಹತ್ತಿರ, ಗಾಳಿ ಆಡದ ಜಾಗ, ಮೇಲೆ ಮರದ ಅಟ್ಟ. ಟಾರ್ಚು ಹಾಕಿದರೆ ಮೂಲೆಯಲ್ಲಿ ನನ್ನ ಸೊಂಟದೆತ್ತರಕ್ಕೆ ಒಂದು ಹುತ್ತ! ಅರಿಶಿನ ಕುಂಕುಮ, ಮಲ್ಲಿಗೆ ಹೂವು, ಸುತ್ತ ಇಟ್ಟಿಗೆಯ ಪುಟ್ಟ ಕಟ್ಟೆ. ನನ್ನ ಕೈ ತಾನಾಗಿ ಮುಗಿದುಕೊಂಡಿತು. ಆಮೇಲೆ ನಾನು ಇಲ್ಲಿಗೆ ಬಂದಿರುವುದು ಗೆದ್ದಲು ಹುಡುಕುವುದಕ್ಕೆ ಎಂಬುದು ನೆನಪಾಯಿತು.

ಗೌರಕ್ಕನ ಅತ್ತೆಯ ಕಾಲದಲ್ಲೇ ಅದು ಎದ್ದಿತ್ತಂತೆ. ಮದುವೆಯಾಗಿ ಬಹಳ ವರ್ಷ ಮಕ್ಕಳಿಲ್ಲದ ಗೌರಕ್ಕ ಅದಕ್ಕೆ ಹಾಲಿನ ತನಿ ಎರೆದು ಹರಕೆ ಹೊತ್ತ ಮೇಲೆ ಪವಿತ್ರ ಹುಟ್ಟಿದಳು. ಅಂದಿನಿಂದ ಸೋಮವಾರ ಸೋಮವಾರ ಹಾಲು, ತುಂಬಿದ ಚೆಂಬು ನೀರು. ಗೆದ್ದಲಿಗೆ ಇದಕ್ಕಿಂತ ಹೆಚ್ಚಿನ ಉಪಚಾರ ಯಾವ ಬೀಗರ ಮನೆಯಲ್ಲಿ ಸಿಕ್ಕೀತು? ಇನ್ನೊಂದು ಕೇಳಿ. ಮದುವೆಗೆ ಸುಣ್ಣಬಣ್ಣ ಮಾಡಿಸಿದಾಗ ಔಷಧಿ ಹೊಡೆಯುವವರನ್ನೂ ಕರೆಸಿ ಮನೆಯ ಉದ್ದಗಲಕ್ಕೂ ಗೆದ್ದಲಿನ ಔಷಧಿ ಹಾಕಿಸಿದ್ದರು. ಆ ಮೂಲೆ ಒಂದನ್ನು ಮಾತ್ರ ಮುಟ್ಟಬೇಡಿ ಎಂದು ಗೌರಕ್ಕ ತಾವೇ ಅಡ್ಡ ನಿಂತು ಕಾದಿದ್ದರಂತೆ. ಬೇರೆಲ್ಲೂ ಜಾಗವಿಲ್ಲದ ಗೆದ್ದಲೆಲ್ಲ ಆ ಮೂಲೆಯಿಂದಲೇ ಗೋಡೆಯೊಳಗೆ ದಾರಿ ಮಾಡಿಕೊಂಡು ಅಟ್ಟ ಸೇರಿತ್ತು. ಕೇಳಿ ನನಗೆ ನಗು ಬಂತು, ನಗಲಿಲ್ಲ. ನಮ್ಮಮ್ಮ ಆಗಿದ್ದರೂ ಹಾಗೇ ಮಾಡುತ್ತಿದ್ದರು.

ಏಣಿ ಹತ್ತಿ ತೊಲೆ ಕುಟ್ಟಿದೆ. ಒಣ ಸೋರೆಬುರುಡೆಯ ಸದ್ದು. ಬಣ್ಣದ ಪದರ ಮಾತ್ರ ಉಳಿದು ಒಳಗೆಲ್ಲ ಮಣ್ಣಾಗಿತ್ತು. ಇಳಿದು ಬಂದು, ಗೌರಕ್ಕ, ಈ ತೊಲೆ ಬೀಳುತ್ತೆ, ಹುತ್ತ ತೆಗೆಯದೆ ಹೊಸ ತೊಲೆ ಹಾಕಿದರೂ ಅದನ್ನೂ ತಿನ್ನುತ್ತೆ, ಇಲ್ಲಿ ಮಗು ಮಲಗಿಸಬೇಡಿ ಎಂದೆ. ಹುತ್ತದ ಮಾತು ಬಂದದ್ದೇ ತಡ, ಅವರ ಯಜಮಾನರು ಹಸುವಿಗೆ ಹುಲ್ಲು ಹಾಕಬೇಕು ಎಂದು ಎದ್ದು ಹೋದರು. ನನ್ನ ಕೆಲಸ ಮುಗಿಯಿತೆಂದು ನಾನೂ ಚೀಲ ಹೆಗಲಿಗೇರಿಸಿ ಹೊರಟೆ. ನೋಡುವುದು, ಹೇಳುವುದು, ಹೊರಡುವುದು, ಅದೇ ನನ್ನ ಪದ್ಧತಿ. ಗೌರಕ್ಕ ಬಾಗಿಲಿಗೆ ಅಡ್ಡ ನಿಂತರು.

“ಕೆಟ್ಟೋಗೈತೆ ಅಂತ ಯೋಳಕ್ಕೆ ನೀನೇ ಯಾಕವ್ವ ಬೇಕಿತ್ತು? ನಮ್ ಬೀಗಿತ್ತಿ ಪುಕ್ಸಟ್ಟೆ ಯೋಳ್ಬುಟ್ಟೋದ್ಳು. ಎಂಗ್ ಉಳಿಸ್ಕೊಳಾದು, ಅದ್ನ ಯೋಳು.”

ನನಗೆ ಸಿಟ್ಟು ಬಂತು. ಸಿಟ್ಟು ಬಂದದ್ದು ಅವರ ಮಾತು ಸರಿಯಾಗಿದ್ದುದಕ್ಕೆ. ಚೀಲ ಇಳಿಸಿದೆ. ಹುತ್ತ ಬುಡಸಮೇತ ತೆಗೆಯಬೇಕು, ಮೂಲೆಗೆ ಔಷಧಿ ಹಾಕಬೇಕು, ಅಟ್ಟ ಬಿಚ್ಚಿ ಕಬ್ಬಿಣದ ತೊಲೆ ಹಾಕಬೇಕು, ವಾಸನೆ ಹೋಗುವ ತನಕ ಕೋಣೆ ತೆರೆದಿಡಬೇಕು, ಎಲ್ಲ ಈ ವಾರವೇ ಶುರುವಾಗಬೇಕು ಎಂದೆ. ಅವರು ಹುತ್ತದ ಮುಂದೆ ಕುಕ್ಕರಗಾಲಲ್ಲಿ ಕೂತರು. ಇದು ಕೊಟ್ಟ ಮಗಳು, ಇದನ್ನೇ ಒಡೆದು ಅವಳ ಮಗುವಿಗೆ ಏನಾದರೂ ಆದರೆ ಎಂದು ಮೆಲ್ಲಗೆ ಕೇಳಿದರು. ಏನೂ ಆಗಲ್ಲ ಎನ್ನುವ ಧೈರ್ಯ ನನಗೆಲ್ಲಿಂದ ಬರಬೇಕು? ಹುತ್ತ ಒಡೆಯಲು ನನ್ನ ಕೈಯೂ ಏಳದು. ತೊಲೆ ಬೀಳುತ್ತೆ ಅನ್ನೋದು ಮಾತ್ರ ನನಗೆ ಗೊತ್ತು ಗೌರಕ್ಕ ಎಂದೆ. ಅವರು ಹುತ್ತದ ಮೇಲಿನ ಬಾಡಿದ ಹೂವನ್ನು ಒಂದೊಂದಾಗಿ ಆರಿಸಿ ತೆಗೆದರು. ಆಮೇಲೆ ಎದ್ದು, ನಾಳೆ ಬಾ ಎಂದರು.

ಮಾರನೆಯ ಬೆಳಿಗ್ಗೆ ಹೋದರೆ ಅವರು ತಲೆಗೆ ಸ್ನಾನ ಮಾಡಿ, ತಂಬಿಟ್ಟು ಮಾಡಿ, ಬಿದಿರಿನ ಮಂಕರಿಗೆ ಹೊಸ ಬಟ್ಟೆ ಹಾಸಿ ಕಾಯುತ್ತಿದ್ದರು. ತನಿ ಎರೆದು, ಮನೆಯ ಹಿರಿಯರ ಜೊತೆ ಮಾತಾಡುವ ಹಾಗೆ ಹುತ್ತದ ಜೊತೆ ಮಾತಾಡಿದರು.

“ನೀನ್ ಕೊಟ್ಟ ಮಗ್ಳೇ ಬತ್ತಾವ್ಳೆ ಕಣಪ್ಪ. ಅವ್ಳಿಗೆ ಕ್ವಾಣೆ ಬುಟ್ಕೊಡು. ಒಳೆದಂಡೇಲಿ ಅರಳೀಕಟ್ಟೆ ಐತೆ, ನಾನೇ ಒತ್ಕೊಂಡೋಯ್ತೀನಿ. ಕ್ವಾಪ ಬಂದ್ರೆ ನನ್ ಮ್ಯಾಲೆ ಇರ್ಲಿ.”

ಹಾಗೆಂದು ತಮ್ಮ ಕೈಯಿಂದಲೇ ಮೊದಲ ಹೆಂಟೆ ಕಿತ್ತರು. ಒಂದೊಂದಾಗಿ ಕಿತ್ತು ಮಂಕರಿಗೆ ಇಟ್ಟರು. ಈ ಮಹಾ ಇನ್‌ಸ್ಪೆಕ್ಷನ್ ಮಾಡುವವಳು ಎಲ್ಲಿದ್ದಳೆಂದು ಕೇಳಬೇಡಿ. ಹಾವು ಬಂದರೆ ಎಂದು ಕಬ್ಬಿಣದ ಟ್ರಂಕಿನ ಮೇಲೆ ಹತ್ತಿ ನಿಂತಿದ್ದಳು. ಹಾವು ಬರಲಿಲ್ಲ. ಬಿಳಿಯ ಗೆದ್ದಲು ಚೆಲ್ಲಿದ ನುಚ್ಚಕ್ಕಿಯಂತೆ ನೆಲದ ತುಂಬ ಹರಿಯಿತು. ಗೌರಕ್ಕ ಆ ಮಂಕರಿಯನ್ನು ಯಾರ ಕೈಗೂ ಕೊಡದೆ ತಲೆಯ ಮೇಲೆ ಹೊತ್ತು ಅರಳೀಕಟ್ಟೆಯ ನಾಗರಕಲ್ಲುಗಳ ಹತ್ತಿರ ಇಟ್ಟು ಬಂದರು. ಬಂದವರೇ ಸೆರಗು ಸಿಕ್ಕಿಸಿ, ಗುದ್ದಲಿಯವರನ್ನು ಕರೆಯವ್ವ ಎಂದರು.

ಮೇಸ್ತ್ರಿಯ ತಲೆ ಮೇಲೆ ನಾವಿಬ್ಬರೂ ಕೂತು ಕೆಲಸ ಮುಗಿಸಿದೆವು. ಔಷಧಿಯ ವಾಸನೆ ಹೋದ ಮೇಲೆ ಬೀಗಿತ್ತಿ ಬಂದರು. ಹೊಸ ತೊಲೆ ನೋಡಿದರು, ಖಾಲಿ ಮೂಲೆ ನೋಡಿದರು. ಆ ಮೂಲೆಯನ್ನು ನೋಡಿದಾಗ ಅವರ ಮುಖ ಬದಲಾಯಿತು. ಗೌರಕ್ಕ ಏನು ಬಿಟ್ಟುಕೊಟ್ಟಿದ್ದಾರೆ ಎಂಬುದು ಆಕೆಗೂ ಗೊತ್ತಾಗಿರಬೇಕು. ಆದರೂ ಗಟ್ಟಿ ಹೆಂಗಸು. ತೊಲೆಯ ಕೊಂಡಿಗೆ ತೊಟ್ಟಿಲ ಹಗ್ಗ ಹಾಕಿಸಿ, ತಾವೇ ಅದಕ್ಕೆ ಜೋತುಬಿದ್ದು ಎಳೆದರು. ಅಲುಗಲಿಲ್ಲ. ನೀವೂ ಎಳೀರಿ ಎಂದರು. ಗೌರಕ್ಕ ಜೋತುಬಿದ್ದರು. ಕೊನೆಗೆ ಇಬ್ಬರೂ ನನ್ನ ಗಾತ್ರ ನೋಡಿದರು. ನಾನೂ ಜೋತುಬಿದ್ದೆ, ಮಾನ ಹೋದರೆ ಹೋಗಲಿ. ಅವತ್ತೇ ಸಂಜೆ ಪವಿತ್ರ ಬಂದಳು. ಮಗು ಹುಟ್ಟಿ ಆ ತೊಟ್ಟಿಲಲ್ಲೇ ಮಲಗಿತು.

ಬೆಳಗೊಳದ ಈ ಮನೆಯಾಕೆ ಇನ್ನೂ ನನ್ನ ಮುಖ ನೋಡುತ್ತಲೇ ಇದ್ದರು. ಮನೆ ಬಿಡಬೇಕಾ ಎಂದು ಕೇಳಿದರು. ಬೇಡ, ಈ ಚೌಕಟ್ಟು ಹೋಗಿದೆ, ಮನೆ ಹೋಗಿಲ್ಲ, ನಾಳೆ ಮೇಸ್ತ್ರಿಯನ್ನು ನಾನೇ ಕರೆತರುತ್ತೇನೆ ಎಂದೆ. ಕೆಲಸ ಮುಗಿಯುವವರೆಗೆ ಇಲ್ಲಿ ಯಾರೂ ಮಲಗಬೇಡಿ ಎಂದೆ. ಅವರು ಮಂಚವನ್ನು ನೋಡಿದರು, ಭಾರದ ಹಳೇ ಮಂಚ. ನಾನು ಚೀಲ ಕೆಳಗಿಟ್ಟೆ.

“ಆ ಕಡೆ ಹಿಡ್ಕೊಳಿ ತಾಯಿ,” ಎಂದು ಮಂಚದ ಈ ಕಡೆಯ ಕಾಲು ಎತ್ತಿದೆ.